ಆ ಹೆಬ್ಬೆಟ್ಟನ್ನು ಹಿಂದಕ್ಕೆ ಕೊಡಿಸಿ

ಕೋಲಾರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೆಜಿಎಫ್‌ನಿಂದ ಒಬ್ಬ ನಿವೃತ್ತ ಕನ್ನಡ ಮೇಷ್ಟರ ನಮಸ್ಕಾರಗಳು.

ಈ ಪತ್ರಕ್ಕೆ ನಿಮ್ಮ ಹೆಸರು ಹಾಕಿಲ್ಲ. ಆ ಕುರ್ಚಿಗೆ ಬಂದವರು ಎರಡು ವರ್ಷ ಉಳಿದರೆ ಹೆಚ್ಚು, ನನ್ನ ಅಹವಾಲು ಕುರ್ಚಿಗೇ ಸಲ್ಲಬೇಕಾದ್ದು. ಜೀತಕ್ಕೆ ಸಿಕ್ಕಿದವನನ್ನು ಬಿಡಿಸುವ ಅಧಿಕಾರವನ್ನೂ, ಬಿಡಿಸಿದ್ದೇವೆಂದು ಬರೆದುಕೊಡುವ ಹೊಣೆಯನ್ನೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರಾದ ನಿಮಗೆ ಕೊಟ್ಟಿದೆ. ಮುಖ್ಯಮಂತ್ರಿಗಳಿಗೆ ಬರೆದರೂ ಆ ಅರ್ಜಿ ಸುತ್ತಿ ಸುತ್ತಿ ಕೊನೆಗೆ ಬಂದು ನಿಲ್ಲುವುದು ನಿಮ್ಮ ಮೇಜಿನ ಮೇಲೇ. ಅದಕ್ಕೇ ನೇರವಾಗಿ ನಿಮಗೆ.

ನಂದಿದುರ್ಗ ಎಂದರೆ ಹೊರಗಿನವರು ಚಿಕ್ಕಬಳ್ಳಾಪುರದ ಪಕ್ಕದ ಬೆಟ್ಟವನ್ನು ನೆನೆಯುತ್ತಾರೆ. ನಮಗೆ ಅದು ಗಣಿಯ ಹೆಸರು. ಬೆಟ್ಟದ ಹೆಸರನ್ನು ಇಂಗ್ಲಿಷರು ಕಂಪನಿಗೆ ಇಟ್ಟರು, ಕಂಪನಿಯ ಹೆಸರು ಗಣಿಗೆ ಬಂತು, ಗಣಿಯ ಸುತ್ತ ತಟ್ಟಿ ಕಟ್ಟಿಕೊಂಡು ಬದುಕಿದ ನಾವು ಅದನ್ನೇ ಊರಿನ ಹೆಸರು ಮಾಡಿಕೊಂಡೆವು. ಅಲ್ಲಿನ ಕೂಲಿಗಳ ಲೈನುಮನೆಯಲ್ಲಿ ನಾನು ಹುಟ್ಟಿದ್ದು. ನಮ್ಮ ತಾತ ಉತ್ತರ ಆರ್ಕಾಟಿನ ಹಳ್ಳಿಯೊಂದರಿಂದ ನಡೆದುಕೊಂಡು ಬಂದವರು. ಅವರ ಅಪ್ಪ ಊರ ಜಮೀನುದಾರರ ಮನೆಯಲ್ಲಿ ಪಣ್ಣೈಯಾಳು, ನಮ್ಮ ಮಾತಿನಲ್ಲಿ ಜೀತದಾಳು. ಚಿನ್ನದ ಗಣಿಗೆ ಇಳಿದ ಕೂಲಿಗಳಲ್ಲಿ ಬಹುಪಾಲು ಆರ್ಕಾಟು, ಸೇಲಂ, ಚಿತ್ತೂರು ಕಡೆಯ ದಲಿತರು. ಹೊರಗಿನಿಂದ ನೋಡಿದವರಿಗೆ ಅದು ಪಾತಾಳಕ್ಕೆ ಇಳಿಯುವ ಕೆಲಸ. ತಾತ ಹೇಳುತ್ತಿದ್ದ ಮಾತು ಬೇರೆ: ಊರಲ್ಲಿ ಗೌಂಡರ ಮುಂದೆ ತಲೆ ಎತ್ತುವ ಹಾಗಿರಲಿಲ್ಲ, ಇಲ್ಲಿ ಭೂಮಿಯೊಳಗೆ ಇಳಿದ ಮೇಲೆ ತಲೆ ಎತ್ತಿ ಮಾತಾಡಿದೆವು.

ತಾತನ ಬಾಯಿಂದ ನಾನು ಹೆಚ್ಚು ಸಲ ಕೇಳಿದ ಕತೆ 1930ರ ಮುಷ್ಕರದ್ದು. ಆ ವರ್ಷ ಗಣಿ ಕಂಪನಿಗಳು ಪ್ರತಿಯೊಬ್ಬ ಕೂಲಿಯ ಹೆಸರು ನೋಂದಾಯಿಸಿ ಬೆರಳಚ್ಚು ತೆಗೆದುಕೊಳ್ಳುತ್ತೇವೆ ಎಂದು ಹೊರಟವು. ಒಮ್ಮೆ ಬೆರಳು ಕಾಗದದ ಮೇಲೆ ಕೂತಿತೆಂದರೆ ಮುಗಿಯಿತು. ಒಂದು ಗಣಿಯಲ್ಲಿ ಜಗಳವಾಗಿ ಬಿಟ್ಟು ಬಂದವನು ಇನ್ನೊಂದು ಗಣಿಯಲ್ಲಿ ಬೇರೆ ಹೆಸರು ಹೇಳಿ ಕೆಲಸ ಹಿಡಿಯುವ ದಾರಿ ಮುಚ್ಚಿಹೋಗುತ್ತದೆ. ಓದು ಬರಹ ಇಲ್ಲದ ಆ ಜನಕ್ಕೆ ಇದು ತಕ್ಷಣ ಅರ್ಥವಾಯಿತು. ಯೂನಿಯನ್ ಇರಲಿಲ್ಲ, ಹೇಳಿಕೊಡುವ ನಾಯಕರಿರಲಿಲ್ಲ. ಆದರೂ ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಕೂಲಿ ಹೆಚ್ಚಿಸಿ ಎಂಬ ಬೇಡಿಕೆಯಿಂದ ಶುರುವಾದ ಮುಷ್ಕರವಲ್ಲ ಅದು. ಬೆರಳು ನಮ್ಮದು, ಕೊಡುವುದಿಲ್ಲ ಎಂದು ಶುರುವಾದದ್ದು.

ಈ ಹಳೆಯ ಕತೆಯನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆ ಎಂದರೆ, ಅದೇ ಲೈನಿನಲ್ಲಿ ಹುಟ್ಟಿದ ಇನ್ನೊಬ್ಬನ ಹೆಬ್ಬೆಟ್ಟಿನ ವಿಷಯವಾಗಿ ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಅವನು ನನ್ನ ವಿದ್ಯಾರ್ಥಿ. ಹೆಸರು ಇಲ್ಲಿ ಬೇಡ. ಬರವಣಿಗೆ ದುಂಡಗೆ, ಮುತ್ತು ಪೋಣಿಸಿದ ಹಾಗೆ. ಶಾಲೆಯ ಕರಿಹಲಗೆಯ ಮೇಲೆ ದಿನದ ಸುಭಾಷಿತ ಬರೆಯುವ ಕೆಲಸ ಅವನದೇ ಆಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವನಿಗೆ ಹನ್ನೆರಡೋ ಹದಿಮೂರೋ. ಅಪ್ಪನ ಕೈಗೆ ಬಂದ ದುಡ್ಡು ಅಕ್ಕಂದಿರ ಮದುವೆಗೂ ಸಾಲಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಎಲ್ಲರ ಹಾಗೆ ಇವನೂ ಬೆಳಗಿನ ಜಾವದ ರೈಲು ಹತ್ತಿದ. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆಗೆ ಬಂದು ಬೆಂಗಳೂರಿಗೆ ಹೋಗುವ ಆ ರೈಲು ನಿಮಗೂ ಗೊತ್ತಿರುತ್ತದೆ. ಗಣಿ ನಿಂತ ಮೇಲೆ ನಮ್ಮೂರನ್ನು ಸಾಕುತ್ತಿರುವುದು ಅದೇ. ಪೇಂಟಿಂಗ್ ಕೆಲಸ, ಸೆಕ್ಯುರಿಟಿ ಕೆಲಸ, ಹೌಸ್‌ಕೀಪಿಂಗ್. ರಾತ್ರಿ ಮನೆಗೆ ಬಂದು ಮಲಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮತ್ತೆ ಪ್ಲಾಟ್‌ಫಾರಂ.

ಅವನ ಹೆಂಡತಿಗೆ ಆಪರೇಷನ್ ಆಗಬೇಕಾಯಿತು. 40,000 ರೂಪಾಯಿ ಬೇಕಿತ್ತು. ಸಂಘದಲ್ಲಿ ಆಗಲೇ ಸಾಲ ಇತ್ತು, ಸೇಟು ಅಂಗಡಿಯಲ್ಲಿ ಅಡವಿಡಲು ಚಿನ್ನವಿರಲಿಲ್ಲ. ಚಿನ್ನದ ಊರಿನಲ್ಲಿ ಚಿನ್ನವಿಲ್ಲದ ಮನೆಗಳೇ ಹೆಚ್ಚು. ಆಗ ಒಬ್ಬ ಮೇಸ್ತ್ರಿ ಬಂದ. ಇಟ್ಟಿಗೆ ಕೆಲಸ, ಗಂಡ ಹೆಂಡತಿ ಇಬ್ಬರಿಗೂ ಕೂಲಿ, ಇರಲು ಗುಡಿಸಲು, ಒಂದೇ ಸೀಸನ್ನಿಗೆ ಸಾಲ ತೀರುತ್ತದೆ ಎಂದ. ದುಡ್ಡನ್ನು ಅಲ್ಲೇ ಎಣಿಸಿ ಕೊಟ್ಟ. ಒಂದು ಛಾಪಾ ಕಾಗದ ಮುಂದಿಟ್ಟ, ಖಾಲಿಯದು. ಇವನು ಜೇಬಿನಿಂದ ಪೆನ್ನು ತೆಗೆದನಂತೆ. "ಸೈನೆಲ್ಲ ಬ್ಯಾಡ, ಎಬ್ಬೆಟ್ಟು ಒತ್ತು ಸಾಕು" ಅಂದ ಮೇಸ್ತ್ರಿ.

ಸಹಿ ಬಲ್ಲವನ ಹೆಬ್ಬೆಟ್ಟನ್ನು ಅವನು ಯಾಕೆ ಕೇಳಿದ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಸಹಿ ಮಾಡುವವನು ಕಾಗದ ಓದುತ್ತಾನೆ. ಹೆಬ್ಬೆಟ್ಟು ಒತ್ತುವವನು ತಲೆ ತಗ್ಗಿಸುತ್ತಾನೆ. ಮೇಸ್ತ್ರಿಗೆ ಬೇಕಾಗಿದ್ದು ಆ ತಗ್ಗಿದ ತಲೆ.

ಮಾನವ ಕಳ್ಳಸಾಗಣೆ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ ಮಾನ್ಯರೇ. ಆ ಮಾತು ಕೇಳಿದ ಕೂಡಲೆ ನಾವು ಕತ್ತಲು, ಲಾರಿ, ಕಟ್ಟಿದ ಕೈ, ಬಾಯಿಗೆ ತುರುಕಿದ ಬಟ್ಟೆ ಇವನ್ನೆಲ್ಲ ಕಲ್ಪಿಸಿಕೊಳ್ಳುತ್ತೇವೆ. ಈ ಸಂಸಾರ ಹೋದದ್ದು ಹಾಡಹಗಲಿನಲ್ಲಿ, ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂನಿಂದ, ಮೇಸ್ತ್ರಿ ತೆಗೆಸಿಕೊಟ್ಟ ಟಿಕೆಟ್ಟಿನಲ್ಲಿ. ಮಕ್ಕಳಿಬ್ಬರಿಗೂ ಅವನೇ ಬಿಸ್ಕತ್ತು ಕೊಡಿಸಿದ್ದನಂತೆ. ನಿಲ್ದಾಣದಲ್ಲಿ ಪೊಲೀಸರಿದ್ದರು, ಟಿಕೆಟ್ ತಪಾಸಣೆಯವರಿದ್ದರು, ಪರಿಚಯದವರೂ ಇದ್ದರು. ಯಾರೂ ಏನನ್ನೂ ಕದ್ದು ಸಾಗಿಸಲಿಲ್ಲ, ಸಂಸಾರವೊಂದು ಸಾಗಿಹೋಯಿತು.

ಜೀತ ಎಂಬ ಪದದ ಕತೆಯೂ ಹಾಗೆಯೇ. ನಮ್ಮ ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಮಾತಿನವರು ಇವತ್ತಿಗೂ ಸಂಬಳಕ್ಕೆ ಜೀತಂ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು "ಜೀತಂ ಎಂತ ಸಾರ್?" ಎಂದು ಕೇಳಿದಾಗ ಬೆಚ್ಚಿದ್ದೆ. ಹಳಗನ್ನಡದಲ್ಲಿಯೂ ಜೀತ ಎಂದರೆ ದುಡಿದದ್ದಕ್ಕೆ ಸಿಗುವ ವೇತನ. ಸಂಬಳ ಎಂಬ ಅರ್ಥದ ಪದ ಸಂಬಳವಿಲ್ಲದ ದುಡಿಮೆಯ ಹೆಸರಾಗಬೇಕಾದರೆ ಈ ನಾಡಿನಲ್ಲಿ ಎಷ್ಟು ತಲೆಮಾರುಗಳಿಗೆ ಕೂಲಿ ಕೊಡದೆ ಉಳಿಸಿಕೊಂಡಿರಬೇಕು!

ಆ ಇಟ್ಟಿಗೆ ಗೂಡಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡದ್ದಲ್ಲ, ಅವನು ಹೇಳಿದ್ದು. ರಾತ್ರಿ ಮೂರಕ್ಕೆ ಎದ್ದು ಮಣ್ಣು ಕಲಸಬೇಕು. ಬಿಸಿಲೇರುವ ಮುಂಚೆ ಇಟ್ಟಿಗೆ ಕೊಯ್ಯಬೇಕು. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ, ಆದರೆ ಲೆಕ್ಕದ ಪುಸ್ತಕ ಮಾಲೀಕನ ಬಳಿ. ಮಳೆ ಬಂದು ಕರಗಿದ ಇಟ್ಟಿಗೆ ಕೆಲಸಗಾರನ ಲೆಕ್ಕಕ್ಕೆ. ವಾರದ ಬಟವಾಡೆ ಎಂದು ಅಕ್ಕಿ ಬೇಳೆಗಾಗುವಷ್ಟು ಕೊಡುತ್ತಿದ್ದರು, ಅದನ್ನೂ ಸಾಲದ ಬಾಬ್ತಿಗೆ ಬರೆದುಕೊಳ್ಳುತ್ತಿದ್ದರು. ಹಸಿ ಇಟ್ಟಿಗೆಯನ್ನು ಮಗ್ಗುಲು ಬದಲಿಸಿ ಒಣಗಿಸುವುದು ಮಕ್ಕಳ ಕೆಲಸ, ಯಾಕೆಂದರೆ ಅವರ ಮೈ ಹಗುರ, ಇಟ್ಟಿಗೆಯ ಮೇಲೆ ಕಾಲಿಟ್ಟರೂ ಮುರಿಯುವುದಿಲ್ಲ. ಆಧಾರ್ ಕಾರ್ಡುಗಳು ಮೊದಲ ದಿನವೇ ಮಾಲೀಕನ ಬೀರು ಸೇರಿದವು. ಸೀಸನ್ ಮುಗಿದಾಗ ಸಾಲ ತೀರಿರಲಿಲ್ಲ, ಹೆಚ್ಚಾಗಿತ್ತು. ಹೀಗೆ ಮೂರು ಸೀಸನ್. ನಡುವೆ ಅವನ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲು ಬಿಟ್ಟರು, ಒಬ್ಬನನ್ನೇ. "ಮಕ್ಳು ಇಲ್ಲೇ ಇರ್ಲಿ, ನೀನು ವಾಪಸ್ ಬರ್ತೀಯಲ್ಲ" ಎಂದರಂತೆ.

ಆ ದಿನವೇ ಅವನು ತಾಯಿಯನ್ನು ಮಣ್ಣು ಮಾಡಿ ನೇರ ನನ್ನ ಮನೆಗೆ ಬಂದದ್ದು. ಬಾಗಿಲಲ್ಲಿ ನಿಂತು "ಸಾರ್, ನನ್ ಮಕ್ಳನ್ನ ಒತ್ತೆ ಇಟ್ಟು ಬಂದಿದೀನಿ ಸಾರ್" ಅಂದ. ಒತ್ತೆ ಎಂಬ ಪದವನ್ನು ನಾನೇ ಅವನಿಗೆ ಯಾವುದೋ ಪಾಠದಲ್ಲಿ ಕಲಿಸಿದ್ದಿರಬೇಕು.

ಮರುದಿನ ನಾವಿಬ್ಬರೂ ಆ ಗೂಡು ಇರುವ ಜಿಲ್ಲೆಯ ಕಚೇರಿಯೊಂದಕ್ಕೆ ಹೋದೆವು. ಯಾವ ಜಿಲ್ಲೆ, ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಕೋಲಾರವಲ್ಲ ಎಂದಷ್ಟೇ ಹೇಳುತ್ತೇನೆ. ಅಧಿಕಾರಿ ಒರಟರಲ್ಲ, ಕೂರಿಸಿ ಮಾತಾಡಿಸಿದರು. ಹೊಡೆಯುತ್ತಿದ್ದರೇ ಎಂದು ಕೇಳಿದರು. ಇಲ್ಲ ಎಂದ. ಕೂಡಿಹಾಕುತ್ತಿದ್ದರೇ? ಬೀಗ ಹಾಕುತ್ತಿರಲಿಲ್ಲ ಎಂದ. ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ. ಹಾಗಾದರೆ ಇದು ಜೀತ ಹೇಗಾಗುತ್ತದೆ, ನೀವೇ ದುಡ್ಡು ತಗೊಂಡಿದ್ದೀರಿ, ಕೂಲಿ ತಕರಾರು ಇದು ಎಂದರು. ಮಾಲೀಕನನ್ನು ಕರೆಸಿದರು. ಸಂಜೆಯೊಳಗೆ ರಾಜಿಯಾಯಿತು. ಹೆಂಡತಿ ಮಕ್ಕಳನ್ನು ಬಿಟ್ಟುಕೊಡುವುದು, ಬಾಕಿ ಎಂದು ಬರೆದಿದ್ದರಲ್ಲಿ 22,000 ರೂಪಾಯಿಯನ್ನು ಇವನು ನಾಲ್ಕು ಕಂತಿನಲ್ಲಿ ಕಟ್ಟುವುದು. ರಾಜಿ ಪತ್ರಕ್ಕೆ ಇವನು ಸಹಿ ಹಾಕಲು ಹೋದಾಗ ಗುಮಾಸ್ತರು ಮುಂದಿಟ್ಟದ್ದು ಇಂಕ್ ಪ್ಯಾಡು.

ಮೇಸ್ತ್ರಿಯ ಕಾಗದಕ್ಕೂ ಹೆಬ್ಬೆಟ್ಟು, ಸರ್ಕಾರದ ಕಾಗದಕ್ಕೂ ಹೆಬ್ಬೆಟ್ಟು. ನಾನು ಪಕ್ಕದಲ್ಲಿ ನಿಂತಿದ್ದೆ. ಮಕ್ಕಳು ಸಿಕ್ಕರಲ್ಲ, ಸದ್ಯ ಹೋಗೋಣ ನಡಿ ಎಂದು ಅವನ ಭುಜ ಹಿಡಿದು ಕರೆದುಕೊಂಡು ಬಂದೆ. ಕಾನೂನು ಓದಿದ್ದು ಆಮೇಲೆ. ಓದಿದ ಮೇಲೆ ನಿದ್ದೆ ಹೋಯಿತು.

1976ರ ಆ ಜೀತ ಕಾಯ್ದೆ ಚಿಕ್ಕದು, ಇಪ್ಪತ್ತೇಳು ಕಲಮು. ಅದರಲ್ಲಿ ಸರಪಳಿ ಎಂಬ ಮಾತಿಲ್ಲ, ಬೀಗ ಎಂಬ ಮಾತಿಲ್ಲ. ಮುಂಗಡ ಪಡೆದದ್ದಕ್ಕೆ ಪ್ರತಿಯಾಗಿ ಒಬ್ಬ ಮನುಷ್ಯ ಕೂಲಿ ಇಲ್ಲದೆ ಅಥವಾ ನಾಮಮಾತ್ರ ಕೂಲಿಗೆ ದುಡಿಯುವುದು, ಬೇರೆ ಕಡೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನೋ ಬೇಕಾದಲ್ಲಿಗೆ ಹೋಗಿಬರುವ ಸ್ವಾತಂತ್ರ್ಯವನ್ನೋ ಕಳೆದುಕೊಳ್ಳುವುದು, ಇವುಗಳಲ್ಲಿ ಒಂದು ಸಾಕು, ಅದು ಜೀತ. ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊರೆ 15ನೇ ಕಲಮಿನ ಪ್ರಕಾರ ಸಾಲ ಕೊಟ್ಟವನದು. 1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಬಲವಂತದ ದುಡಿಮೆ, ಹಸಿವು ಕೂಡ ಬಲವಂತವೇ ಎಂದು ಹೇಳಿತು. 1983ರಲ್ಲಿ ಹರಿಯಾಣದ ಕಲ್ಲು ಗಣಿಗಳ ವಿಷಯವಾಗಿ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆಯ ಮೊಕದ್ದಮೆಯಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದೆ ಎಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವುದು ಮಾಲೀಕನ ಕೆಲಸ ಎಂದಿತು. ಆ ಅಧಿಕಾರಿ ಇವನಿಗೆ ಕೇಳಿದ ಎರಡು ಪ್ರಶ್ನೆಗಳಿಗೂ ಕಾನೂನಿಗೂ ಸಂಬಂಧವೇ ಇರಲಿಲ್ಲ.

ನಿದ್ದೆ ಕೆಡಿಸಿದ್ದು ಇದಲ್ಲ, ಮುಂದಿನದು. 6ನೇ ಕಲಮು ಜೀತದ ಸಾಲ ಕಾಯ್ದೆ ಬಂದಾಗಿನಿಂದಲೇ ಅಳಿದುಹೋಗಿದೆ ಎನ್ನುತ್ತದೆ. 9ನೇ ಕಲಮು ಅಳಿದುಹೋದ ಆ ಸಾಲದ ಬಾಬ್ತು ಹಣ ಪಡೆಯುವುದೇ ಅಪರಾಧ, ಮೂರು ವರ್ಷದವರೆಗೆ ಸೆರೆ ಎನ್ನುತ್ತದೆ. ಅಂದರೆ ಆ ಸಂಜೆ ಸರ್ಕಾರಿ ಮೇಜಿನ ಮೇಲೆ ನಾವು ಮಾಡಿಕೊಂಡು ಬಂದ ರಾಜಿ ಒಂದು ಅಪರಾಧಕ್ಕೆ ಕಂತು ಕಟ್ಟಿಕೊಟ್ಟ ಕಾಗದ. ನನ್ನ ವಿದ್ಯಾರ್ಥಿ ಆ ನಾಲ್ಕೂ ಕಂತನ್ನು ತಪ್ಪದೆ ಕಟ್ಟಿದ.

ಹಿಂದೆ ಒಂದು ಕಾಲವಿತ್ತು. 1859ರಲ್ಲಿ ಇಂಗ್ಲಿಷರು ಒಂದು ಕಾನೂನು ಮಾಡಿದ್ದರು. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದ ಕೂಲಿಗೆ ಮೂರು ತಿಂಗಳವರೆಗೆ ಸೆರೆ. ಕೊಡಗಿನ ಕಾಫಿ ತೋಟದವರು ಓಡಿಹೋದ ಆಳುಗಳನ್ನು ಹಿಡಿದು ತರಲು ಅದನ್ನೇ ನೆಚ್ಚಿದ್ದರು. ಆ ಕಾನೂನು ರದ್ದಾಗಿ ನೂರು ವರ್ಷವಾಯಿತು. 1976ರ ಕಾಯ್ದೆ ಅದನ್ನು ತಿರುವಿ ಹಾಕಿತು, ಅಪರಾಧಿ ದುಡಿದವನಲ್ಲ, ದುಡಿಸಿಕೊಂಡವನು ಎಂದಿತು. ಕಾಗದದ ಮೇಲೆ ತಿರುವಿ ಹಾಕಿದ್ದು ಕಚೇರಿಯ ಮೇಜಿಗೆ ಇನ್ನೂ ಬಂದಿಲ್ಲ. ಅಲ್ಲಿ ಈಗಲೂ ತಪ್ಪಿತಸ್ಥನ ಹಾಗೆ ಕೈಕಟ್ಟಿ ನಿಲ್ಲುವವನು ಸಾಲ ತಗೊಂಡವನೇ.

ಸಂವಿಧಾನದ 23ನೇ ವಿಧಿಯನ್ನು ನೀವು ನನಗಿಂತ ಚೆನ್ನಾಗಿ ಓದಿರುತ್ತೀರಿ. ಮನುಷ್ಯರ ಮಾರಾಟ ಸಾಗಾಟವನ್ನೂ ಬಿಟ್ಟಿ ದುಡಿಮೆಯನ್ನೂ ಅದು ಒಂದೇ ವಾಕ್ಯದಲ್ಲಿ ನಿಷೇಧಿಸುತ್ತದೆ. ಅವೆರಡೂ ಒಂದೇ ರೋಗ ಎಂದು ಬರೆದವರಿಗೆ ಗೊತ್ತಿತ್ತು. ಅವರಲ್ಲಿ ಮುಖ್ಯರಾದ ಅಂಬೇಡ್ಕರ್ ಅವರ ಫೋಟೋ ನಮ್ಮ ಲೈನುಗಳಲ್ಲಿ ದೇವರ ಪಟದ ಪಕ್ಕ ಇರುತ್ತದೆ. ಇವತ್ತಿನ ಕಾನೂನಿನಲ್ಲಿಯೂ ದಾರಿಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು, ಮೋಸದಿಂದಲೋ ಆಮಿಷದಿಂದಲೋ ಒಬ್ಬನನ್ನು ಶೋಷಣೆಗಾಗಿ ಕರೆದೊಯ್ಯುವುದನ್ನು ಮಾನವ ಸಾಗಣೆ ಎನ್ನುತ್ತದೆ, ಕನಿಷ್ಠ 7 ವರ್ಷ ಸೆರೆ. ಒಬ್ಬರಿಗಿಂತ ಹೆಚ್ಚು ಜನರಾದರೆ ಕನಿಷ್ಠ 10 ವರ್ಷ. ದಲಿತರನ್ನು ಜೀತಕ್ಕಿಟ್ಟುಕೊಳ್ಳುವುದು ದೌರ್ಜನ್ಯ ತಡೆ ಕಾಯ್ದೆಯಡಿ ಬೇರೆಯೇ ಅಪರಾಧ. ಇವಿಷ್ಟೂ ಇದ್ದು, ಕಡತದ ಮೇಲೆ ಕೂಲಿ ತಕರಾರು ಎಂಬ ಎರಡು ಪದ ಬರೆದ ಕೂಡಲೆ ಇವಿಷ್ಟೂ ಇಲ್ಲವಾಗುತ್ತವೆ.

ಇನ್ನೊಂದು ಮಾತನ್ನು ನಿಮ್ಮ ಮೂಲಕ ರಾಜ್ಯ ಸರ್ಕಾರಕ್ಕೆ ಹೇಳಬೇಕು. ಮೈಕ್ರೋಫೈನಾನ್ಸಿನವರ ಕಾಟಕ್ಕೆ ಜನ ಊರು ಬಿಡುತ್ತಿದ್ದಾಗ, ಜೀವ ಕಳೆದುಕೊಳ್ಳುತ್ತಿದ್ದಾಗ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಪೀಡಿಸಿದರೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಒಳ್ಳೆಯದೇ ಆಯಿತು, ನಮ್ಮ ಲೈನಿನ ಹೆಂಗಸರು ಉಸಿರುಬಿಟ್ಟರು. ಆದರೆ ಅದೇ ಸಾಲಕ್ಕೆ ಮನುಷ್ಯನನ್ನೇ ಹಿಡಿದಿಟ್ಟುಕೊಂಡವನಿಗೆ ಜೀತ ಕಾಯ್ದೆಯಲ್ಲಿ ಇರುವುದು ಮೂರು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. 1976ರಲ್ಲಿ ಬರೆದ ಆ ಎರಡು ಸಾವಿರವನ್ನು ಇವತ್ತಿನವರೆಗೆ ಯಾರೂ ತಿದ್ದಿಲ್ಲ. ಕೇಂದ್ರದ ಕಾಯ್ದೆ ನಿಜ, ಆದರೆ ತಿದ್ದಿ ಎಂದು ಒತ್ತಾಯಿಸಿ ನಿರ್ಣಯ ಕಳಿಸುವುದಕ್ಕೆ ವಿಧಾನಸಭೆಗೆ ಯಾರ ಅಡ್ಡಿಯೂ ಇಲ್ಲ.

ಇದೆಲ್ಲ ಒಬ್ಬನ ದುರದೃಷ್ಟ ಎಂದು ನೀವು ಅಂದುಕೊಳ್ಳಬಾರದು. 2018ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಒಂದು ಶೆಡ್ಡಿನಿಂದ 52 ಜನರನ್ನು ಬಿಡಿಸಿದ್ದು ರಾಜ್ಯಕ್ಕೆಲ್ಲ ಗೊತ್ತಾಯಿತು. ಕೆಲಸ ಹುಡುಕಿ ಬಂದವರನ್ನು ರೈಲು ನಿಲ್ದಾಣ, ಬಸ್ ನಿಲ್ದಾಣಗಳಿಂದ ಒಳ್ಳೆಯ ಕೂಲಿಯ ಆಸೆ ತೋರಿಸಿ ಕರೆದೊಯ್ದಿದ್ದರು. ಅದನ್ನು ಓದಿದ ದಿನದಿಂದ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಗಂಟುಮೂಟೆ ಸಮೇತ ಕೂತ ಸಂಸಾರ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ತಮಿಳುನಾಡು, ಆಂಧ್ರದ ಗಡಿಗೆ ಹತ್ತಿರದ, ನಾಲ್ಕು ದಿಕ್ಕಿಗೆ ಹಳಿ ಹರಿದಿರುವ ನಿಲ್ದಾಣ ಅದು. ಅಲ್ಲಿಂದ ಜನ ಹೊರಗೆ ಹೋಗುತ್ತಾರೆ, ಹೊರಗಿನ ಜನ ನಮ್ಮ ಮಾಲೂರಿನ ಹೆಂಚು, ಇಟ್ಟಿಗೆಯ ಕೆಲಸಕ್ಕೆ, ನಮ್ಮ ಬಂಡೆ ಕೆಲಸಕ್ಕೆ ಒಳಗೆ ಬರುತ್ತಾರೆ. ನಮ್ಮ ಹುಡುಗ ಅನ್ಯ ಜಿಲ್ಲೆಯಲ್ಲಿ ಅನುಭವಿಸಿದ್ದನ್ನು ಒಡಿಶಾದ ಯಾವನೋ ಹುಡುಗ ನಮ್ಮ ಜಿಲ್ಲೆಯಲ್ಲಿ ಅನುಭವಿಸುತ್ತಿಲ್ಲ ಎಂದು ನಾನು ಎದೆ ಮುಟ್ಟಿ ಹೇಳಲಾರೆ. ನೀವು ಹೇಳಬಲ್ಲಿರಾ?

ದೇಶದ ಲೆಕ್ಕವೂ ಹೀಗೇ ಇದೆ. 1.84 ಕೋಟಿ ಜೀತದಾಳುಗಳನ್ನು ಗುರುತಿಸಿ 2030ರೊಳಗೆ ಬಿಡಿಸುತ್ತೇವೆ ಎಂದು 2016ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಗುರಿ ಹಾಕಿಕೊಂಡಿತು. 1978ರಿಂದ ಅಲ್ಲಿಯವರೆಗೆ ಬಿಡಿಸಿದವರ ಸಂಖ್ಯೆ ಮೂರು ಲಕ್ಷದ ಆಸುಪಾಸು. ಜಗತ್ತಿನಲ್ಲಿ ಸುಮಾರು 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ಅಂದಾಜು ಕೊಟ್ಟಿತು. ಈ ಅಂಕಿಗಳು ನನಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಕೋಟಿ ಎಂದ ಕೂಡಲೆ ಯಾವ ಮುಖವೂ ಕಾಣುವುದಿಲ್ಲ.

ನನಗೆ ಕಾಣುವುದು ಹಾಜರಿ ಪುಸ್ತಕ. ಇಟ್ಟಿಗೆ ಕೆಲಸ ಶುರುವಾಗುವುದು ಮಳೆ ನಿಂತು ದೀಪಾವಳಿ ಕಳೆದ ಮೇಲೆ, ಮುಗಿಯುವುದು ಮುಂದಿನ ಮುಂಗಾರಿಗೆ. ನಾನು ಪಾಠ ಮಾಡಿದ ವರ್ಷಗಳಲ್ಲಿ ಪ್ರತಿ ಸಲ ದೀಪಾವಳಿ ರಜೆ ಮುಗಿದು ಬಾಗಿಲು ತೆರೆದಾಗ ಮೂರೋ ನಾಲ್ಕೋ ಮಕ್ಕಳು ಬರುತ್ತಿರಲಿಲ್ಲ. ಅವರ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಿದ್ದೆ. ಒಂದು ವಾರ, ಎರಡು ವಾರ, ಆಮೇಲೆ ಹೆಸರೇ ಹೊಡೆದುಹೋಗುತ್ತಿತ್ತು. ಊರಿಗೆ ಹೋದರಂತೆ, ಅಜ್ಜಿ ಮನೆಗೆ ಹೋದರಂತೆ ಎಂದು ಉಳಿದ ಮಕ್ಕಳು ಹೇಳಿದ್ದನ್ನು ನಂಬುತ್ತಿದ್ದೆ. ಎಷ್ಟು ಮಕ್ಕಳು ಆ ಅಜ್ಜಿಯ ಮನೆಗಳಲ್ಲಿ ಹಸಿ ಇಟ್ಟಿಗೆ ತಿರುಗಿಸುತ್ತಿದ್ದರು ಎಂದು ಈಗ ಲೆಕ್ಕ ಹಾಕುತ್ತೇನೆ. ಆ ತಪ್ಪು ನನ್ನದು. ಅದನ್ನು ಒಪ್ಪಿಕೊಂಡೇ ನಿಮ್ಮನ್ನು ಕೇಳುತ್ತಿದ್ದೇನೆ: ಪ್ರತಿ ವರ್ಷ ನವೆಂಬರ್ ಕೊನೆಗೆ ಜಿಲ್ಲೆಯ ಶಾಲೆಗಳಿಂದ ದೀಪಾವಳಿಯ ಮೇಲೆ ಬಾರದ ಮಕ್ಕಳ ಪಟ್ಟಿ ತರಿಸಿ. ಹೊಸ ಸಮೀಕ್ಷೆ ಬೇಡ, ಹೊಸ ಆ್ಯಪ್ ಬೇಡ. ಆ ಪಟ್ಟಿಯಲ್ಲಿ ಮೇಸ್ತ್ರಿಗಳ ಹಾದಿ ಇದೆ. ಮಗು ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಅಪ್ಪ ಅಮ್ಮ ಅಲ್ಲೇ ಸಿಗುತ್ತಾರೆ.

ಜೀತ ಕಾಯ್ದೆಯ 13ನೇ ಕಲಮಿನ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಜಿಲ್ಲಾ ಸಮಿತಿಗೆ ನೀವೇ ಅಧ್ಯಕ್ಷರು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದ ಮೂವರನ್ನು, ಸಮಾಜ ಸೇವಕರಿಬ್ಬರನ್ನು ನೀವೇ ನೇಮಿಸಬೇಕು. ಆ ಮೂವರು ಯಾರು? ಸಮಿತಿ ಈ ವರ್ಷ ಎಷ್ಟು ಸಲ ಸೇರಿತು? ನಡವಳಿಯನ್ನು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ, ನಾವು ಓದಿಕೊಳ್ಳುತ್ತೇವೆ. ಪ್ರತಿ ಫೆಬ್ರವರಿ 9ರಂದು ಸರ್ಕಾರಿ ಕಚೇರಿಗಳಲ್ಲಿ ಕೈ ಮುಂದೆ ಚಾಚಿ ಜೀತ ನಿರ್ಮೂಲನೆಯ ಪ್ರತಿಜ್ಞೆ ಬೋಧಿಸುತ್ತಾರೆ. ನಾನೂ ಮಕ್ಕಳಿಗೆ ಬೋಧಿಸಿದ್ದೇನೆ. ಆ ಬೆಳಿಗ್ಗೆ ಪ್ರತಿಜ್ಞೆಯ ಜೊತೆಗೆ ಹಿಂದಿನ ವರ್ಷ ಜಿಲ್ಲೆಯಲ್ಲಿ ಎಷ್ಟು ಬಿಡುಗಡೆ ಪತ್ರ ಕೊಟ್ಟೆವು, ಎಷ್ಟು ಅರ್ಜಿ ತಿರಸ್ಕರಿಸಿದೆವು, ಯಾಕೆ ತಿರಸ್ಕರಿಸಿದೆವು ಎಂಬುದನ್ನೂ ಗಟ್ಟಿಯಾಗಿ ಓದಿ ಹೇಳಿ.

ಬಿಡುಗಡೆ ಪತ್ರ. ಈ ಇಡೀ ಪತ್ರ ಆ ಒಂದು ಪತ್ರಕ್ಕಾಗಿ. ಅದಿಲ್ಲದೆ ಬಿಡುಗಡೆಯಾದವನು ಕೆಲಸ ಬಿಟ್ಟು ಬಂದವನು ಅಷ್ಟೇ. ಅದಿದ್ದರೆ ತುರ್ತಾಗಿ 30,000 ರೂಪಾಯಿವರೆಗೆ ನೆರವು, ಅದಕ್ಕಾಗಿಯೇ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷದ ನಿಧಿ ಇಟ್ಟಿರಬೇಕೆಂದು ಕೇಂದ್ರದ ಯೋಜನೆ ಹೇಳುತ್ತದೆ. ಆಮೇಲೆ ಗಂಡಸಿಗೆ 1 ಲಕ್ಷ, ಹೆಂಗಸಿಗೆ, ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಆ ದೊಡ್ಡ ಮೊತ್ತದ ಕೊರಳಿಗೆ ಮೊಕದ್ದಮೆಯ ಹಗ್ಗ ಕಟ್ಟಿದ್ದಾರೆ, ಜೀತ ಸಾಬೀತಾದ ಮೇಲೆ ಕೊಡುವುದು ಎಂದು. ಜೀತ ಮಾಡಿಸಿಕೊಂಡವನ ವಕೀಲ ವಾಯಿದೆ ಕೇಳಿದಷ್ಟು ದಿನ ಜೀತ ಮಾಡಿದವನ ಅನ್ನ ತಡೆಯುತ್ತದೆ. ಆ ನಡುವಿನ ದಿನಗಳಲ್ಲಿ ಮೇಸ್ತ್ರಿ ಮತ್ತೆ ಬಾಗಿಲಿಗೆ ಬರುತ್ತಾನೆ, ಕೈಯಲ್ಲಿ ನೋಟು ಹಿಡಿದುಕೊಂಡು. ಮೊಕದ್ದಮೆಯನ್ನು ಬೇಗ ಮುಗಿಸುವ ಬಗೆಯೂ ಕಾಯ್ದೆಯಲ್ಲಿದೆ. 21ನೇ ಕಲಮಿನಂತೆ ಸರ್ಕಾರ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ ಸಂಕ್ಷಿಪ್ತ ವಿಚಾರಣೆ ನಡೆಸಬಹುದು. ಅಂದರೆ ನಿಮ್ಮ ಕೈಕೆಳಗಿನವರೇ.

ಕೆಜಿಎಫ್‌ನವರಿಗೆ ಇನ್ನೊಂದು ತೊಡಕಿದೆ. ನಮ್ಮ ರಾಜ್ಯದಲ್ಲಿ ಜೀತ ವಿಮುಕ್ತರ ಪುನರ್ವಸತಿಯನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ್ದಾರೆ. ಜೀತ ಎಂದರೆ ಹಳ್ಳಿ, ಗೌಡರ ಹಟ್ಟಿ, ದನದ ಕೊಟ್ಟಿಗೆ ಎಂದುಕೊಂಡಿದ್ದ ಕಾಲದ ಏರ್ಪಾಡು ಅದು. ಲೈನುಮನೆಯವರು ನಗರಸಭೆಯ ಜನ, ಯಾವ ಪಂಚಾಯಿತಿಯ ಪಟ್ಟಿಯಲ್ಲೂ ಅವರ ಹೆಸರು ಬರುವುದಿಲ್ಲ. ಕಂದಾಯದವರು, ಕಾರ್ಮಿಕ ಇಲಾಖೆಯವರು, ಪೊಲೀಸರು ಒಬ್ಬರ ಕಡೆಗೊಬ್ಬರು ಬೆರಳು ತೋರಿಸುವಾಗ ನಡುವೆ ನಿಂತವನು ಯಾರ ಪುಸ್ತಕಕ್ಕೂ ಸೇರುವುದಿಲ್ಲ. ನಗರದಿಂದ ಹೋದ ಜೀತದಾಳಿನ ಹೊಣೆ ಯಾರದು ಎಂದು ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅರ್ಧ ಕೆಲಸ ಆದಂತೆ.

ನನ್ನ ವಿದ್ಯಾರ್ಥಿ ಈಗ ಮತ್ತೆ ಬೆಳಗಿನ ರೈಲಿಗೆ ಹೋಗುತ್ತಿದ್ದಾನೆ. ದೊಡ್ಡ ಮಗಳು ಓದಿನಲ್ಲಿ ಮೂರು ವರ್ಷ ಹಿಂದೆ ಬಿದ್ದಳು, ತನಗಿಂತ ಚಿಕ್ಕ ಮಕ್ಕಳ ಜೊತೆ ಕೂರಲು ನಾಚಿಕೆ ಎಂದು ಶಾಲೆಗೆ ಹೋಗಲು ಒಪ್ಪುತ್ತಿಲ್ಲ. ಸಂಜೆ ನಮ್ಮ ಮನೆಗೆ ಬರುತ್ತಾಳೆ, ಕಾಗುಣಿತದಿಂದ ಮತ್ತೆ ಶುರು ಮಾಡಿದ್ದೇವೆ. ಅವಳ ಅಂಗೈ ನೋಡಿದರೆ ನಿಮಗೆ ವಯಸ್ಸು ಹೇಳಲು ಆಗುವುದಿಲ್ಲ.

ಬರುವ ಸೋಮವಾರ ಅವನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಅರ್ಜಿ ಅವನ ಕೈಬರಹದಲ್ಲೇ ಇರುತ್ತದೆ. ಗೂಡು ಬೇರೆ ಜಿಲ್ಲೆಯದು, ಅಲ್ಲಿಗೇ ಹೋಗಿ ಎಂದು ದಯವಿಟ್ಟು ಕಳಿಸಬೇಡಿ. ಅವನನ್ನು ಇಲ್ಲಿಂದ ಕರೆದೊಯ್ದರು, ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಇಲ್ಲಿ, ರೈಲು ಹತ್ತಿಸಿದ್ದು ಬಂಗಾರಪೇಟೆಯಲ್ಲಿ. ಅವನ ಹೇಳಿಕೆಯನ್ನು, ಅವನ ಹೆಂಡತಿಯ ಹೇಳಿಕೆಯನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ. ಮೇಸ್ತ್ರಿಯ ಮೇಲೆ ಇಲ್ಲಿಯೇ ಪ್ರಕರಣ ದಾಖಲಿಸಿ. ಆ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ನೀವೇ ಬರೆದು ಬಿಡುಗಡೆ ಪತ್ರ ಕೊಡಿಸಿ, ಅವನು ಕಟ್ಟಿದ 22,000 ರೂಪಾಯಿಯನ್ನು ಹಿಂದಕ್ಕೆ ಕೊಡಿಸಿ, ಆ ಖಾಲಿ ಛಾಪಾ ಕಾಗದವನ್ನು ವಶಕ್ಕೆ ತೆಗೆದುಕೊಳ್ಳಿ.

ಹೇಳಿಕೆ ಬರೆದು ಮುಗಿದ ಮೇಲೆ ನಿಮ್ಮ ಗುಮಾಸ್ತರಿಗೆ ಒಂದು ಮಾತು ಹೇಳಿರಿ, ಇಂಕ್ ಪ್ಯಾಡು ತೆಗೆಯಬೇಡಿ ಎಂದು. ಅವನು ಸಹಿ ಹಾಕುತ್ತಾನೆ.

ಇತಿ,
ನಂದಿದುರ್ಗ ಲೈನಿನ ಒಬ್ಬ ಮೇಷ್ಟ್ರು
ಕೆಜಿಎಫ್